ಹಗ್ಗ ಬಿಡಿಸಿದ ಕೂಗು

ಇಗಾನ್ ಹೊಳೆದಂಡೆ
ಭಾನುವಾರ, 3 ಸೆಪ್ಟೆಂಬರ್ 1967

ನನ್ನ ತೆಕ್ಲಾ, ನನ್ನ ಬೆಲ್ಲದಚ್ಚು ತೆಕ್ಲಾ,

ಮೊದಲು ಕ್ಷಮೆ ಕೇಳುತ್ತೇನೆ, ಆಮೇಲೆ ತಬ್ಬಿಕೊಳ್ಳುತ್ತೇನೆ, ಆಮೇಲೆ ಮತ್ತೊಮ್ಮೆ ಕ್ಷಮೆ ಕೇಳುತ್ತೇನೆ. ನಿನ್ನ ಕಾಗದ ಕೈಸೇರಿ ಇಪ್ಪತ್ತಮೂರು ದಿನವಾಯಿತು. ನಾಲ್ಕು ಸಲ ಬರೆಯಲು ಕೂತೆ. ಒಂದು ಸಲ ಶಾಯಿ ಮುಗಿದಿತ್ತು, ಒಂದು ಸಲ ಅತ್ತೆ ಕರೆದರು. ಇನ್ನೆರಡು ಸಲ ಏನೂ ಅಡ್ಡಿಯಾಗಲಿಲ್ಲ, ಸುಮ್ಮನೆ ಕೂತಿದ್ದು ಎದ್ದು ಹೋದೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. "ನನ್ನ ತಮ್ಮ ಅಜಾನ್ ಹಗ್ಗ ಬಿಟ್ಟದ್ದು ತಾನಾಗಿಯೋ, ಕೂಗು ಕೇಳಿಯೋ? ನೀನು ಅಲ್ಲೇ ಇದ್ದೆಯಂತೆ. ಬರೆ." ಅಷ್ಟೇ. ಶಾಲೆಯ ಹಾಸ್ಟೆಲಿನಲ್ಲಿ ಎಂಟು ವರ್ಷ ಒಂದೇ ಎರಡಂತಸ್ತಿನ ಮಂಚದಲ್ಲಿ ಮೇಲೆ ಕೆಳಗೆ ಮಲಗಿದ ನಮ್ಮ ನಡುವೆ ಇಷ್ಟು ಚಿಕ್ಕ ಕಾಗದ ಯಾವತ್ತೂ ಓಡಾಡಿರಲಿಲ್ಲ. ಬರೆಯುತ್ತೇನೆ. ಆದರೆ ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಬಾಗಿಲಿಂದ ನೇರವಾಗಿ ಒಳಗೆ ಬರುವವಳಲ್ಲ ನಾನು, ಊರೆಲ್ಲ ಸುತ್ತಿ ಹಿತ್ತಲಿಂದ ಬರುವವಳು. ಸ್ವಲ್ಪ ತಾಳಿಕೋ.

ಮದುವೆಗೆ ನೀನು ಬರಲಾಗಲಿಲ್ಲ. ಕುಚಿಂಗಿನ ಆಸ್ಪತ್ರೆಯಲ್ಲಿ ನರ್ಸ್ ಕಲಿಯುವವರಿಗೆ ಗೆಳತಿಯ ಮದುವೆಗೆಂದು ರಜೆ ಕೊಡುವುದಿಲ್ಲವಂತೆ, ಎಂಥ ಕಲ್ಲುಮನಸ್ಸಿನವರು! ನಾನು ಎಷ್ಟು ಚೆನ್ನಾಗಿ ಕಾಣುತ್ತಿದ್ದೆ ಎಂದು ನಾನೇ ಹೇಳಬೇಕಾಗಿದೆ ನೋಡು. ಬಂಗಾರದೆಳೆಯ ಕೆಂಪು ಬಟ್ಟೆ, ತಲೆಯ ಮೇಲೆ ಅಜ್ಜಿಯ ಕಿರೀಟ. ಸುಲಾಯ್ ನನ್ನನ್ನು ನೋಡಿ ಮೆಟ್ಟಿಲಲ್ಲೇ ನಿಂತುಬಿಟ್ಟ. ಅವನ ಹಿಂದೆ ನಿನ್ನ ತಮ್ಮ ಇದ್ದ, ಮದುಮಗನ ಜೊತೆಗಾರನಾಗಿ. "ಹತ್ತೋ ಮಾರಾಯಾ, ಹಿಂದೆ ಜನ ಇದಾರೆ. ಬೇಡ ಅಂದ್ರೆ ಹೇಳು, ನಾನೇ ಹೋಗ್ತೀನಿ!" ಎಂದು ಅವನನ್ನು ತಳ್ಳಿದ. ಇಡೀ ಮನೆ ನಕ್ಕಿತು. ಅವರಿಬ್ಬರೂ ಹುಟ್ಟಿದಾಗಿನಿಂದ ಒಂದೇ ದೋಣಿಯಲ್ಲಿ ಬೆಳೆದವರು, ನಿನಗೆ ನಾನು ಹೇಳಬೇಕೆ?

ನನ್ನ ಸಂಸಾರದ ಕಥೆ ಕೇಳು. ಮೂರನೇ ದಿನವೇ ಅತ್ತೆ ನನ್ನನ್ನು ಹೊಳೆಯ ಅಟ್ಟಣೆಗೆ ಕರೆದೊಯ್ದರು, ಸಾಗೊ ತುಳಿಯಲು. ಚಾಪೆಯ ಮೇಲೆ ಮರದ ತಿರುಳಿನ ಪುಡಿ ಸುರಿದು, ನೀರು ಹೊಯ್ದು, ಹಿಟ್ಟೆಲ್ಲ ಕೆಳಗಿನ ತೊಟ್ಟಿಗೆ ಇಳಿಯುವವರೆಗೆ ತುಳಿಯಬೇಕು. ನೀನೂ ನಾನೂ ಚಿಕ್ಕವರಿದ್ದಾಗ ನೋಡಿದ್ದೇವೆ, ತುಳಿದಿಲ್ಲ. ನಮ್ಮನ್ನು ಏಳನೇ ವಯಸ್ಸಿಗೇ ಸಿಸ್ಟರುಗಳ ಶಾಲೆಗೆ ಸೇರಿಸಿದರಲ್ಲ. ನಾನು ಲಂಗ ಎತ್ತಿಕಟ್ಟಿ ಕುಣಿಯತೊಡಗಿದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಏನಮ್ಮಾ, ಇದು ಡ್ಯಾನ್ಸಾ?"

"ತುಳೀತಿದೀನಿ ತಿನಾ." ಅತ್ತೆಯನ್ನು ನಾನು ತಿನಾ, ಅಮ್ಮ, ಎಂದೇ ಕರೆಯುವುದು.

"ಹಿಟ್ಟಿಗೆ ನೋವಾಗಬಾರದು ಅಂತ ತುಳೀತಿದೀಯಾ? ಹಿಮ್ಮಡಿ ಊರು. ನನ್ನ ಮೇಲಿನ ಸಿಟ್ಟನ್ನೆಲ್ಲಾ ಅಲ್ಲಿ ಹಾಕು."

"ನಿಮ್ಮ ಮೇಲೆ ನನಗೆ ಸಿಟ್ಟೇ ಇಲ್ಲವಲ್ಲ!"

"ಬರುತ್ತೆ, ಬರುತ್ತೆ. ಅಲ್ಲೀವರೆಗೆ ಗಂಡನ ಮೇಲಿಂದ ಸಾಲ ತಗೋ."

ಪಕ್ಕದಲ್ಲಿ ತುಳಿಯುತ್ತಿದ್ದವರು ನಿನ್ನ ಅಮ್ಮ. ನಕ್ಕು ನಕ್ಕು ಕೆಮ್ಮು ಬಂತು ಅವರಿಗೆ. ಆಮೇಲೆ ನನ್ನ ತೋಳು ಹಿಡಿದು, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹೇಗೆ ಸಾಗಿಸಬೇಕೆಂದು ಕಲಿಸಿದವರೂ ಅವರೇ. ಎರಡು ತಿಂಗಳು ನಾವು ಮೂವರು ಒಂದೇ ಅಟ್ಟಣೆಯಲ್ಲಿ ತುಳಿದೆವು.

ಮಾವನ ವಿಷಯ ಬರೆಯಬೇಕು. ಅವರು ಹೋದ ಮೇಲೆ ಈ ಮನೆಯಲ್ಲಿ ಯಾರೂ ಅವರ ಮಾತೆತ್ತುವುದಿಲ್ಲ, ನನಗೆ ಅದೇ ಬಾಯಿ ಕಟ್ಟಿದ ಹಾಗೆ. ಊರಿಗೆಲ್ಲ ಅವರು 'ಸುಲಾಯ್‌ನಪ್ಪ'. ಅವರ ಸ್ವಂತ ಹೆಸರು ಏನೆಂದು ಶವಪೆಟ್ಟಿಗೆಯ ಮೇಲೆ ಬರೆಯುವಾಗಲೇ ನನಗೆ ತಿಳಿದದ್ದು. ನಾನು ತಮಾ, ಅಪ್ಪ, ಎಂದೇ ಕರೆಯುತ್ತಿದ್ದೆ. ಸಂಜೆ ನನ್ನನ್ನು ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಇದಕ್ಕೇನು, ಅದಕ್ಕೇನು ಎಂದು ಕೇಳುವರು. ನಮ್ಮ ಜೌಗು ಕಾಡಿಗೆ ಏನನ್ನುತ್ತಾರೆ ಎಂದು ಕೇಳಿದಾಗ 'ಸ್ವಾಂಪ್' ಅಂದೆ. "ಥೂ, ಕಪ್ಪೆ ನೀರಿಗೆ ಬಿದ್ದ ಹಾಗಿದೆ," ಅಂದರು.

ಒಮ್ಮೆ ನನ್ನನ್ನು ಆ ಕಾಡಿನೊಳಗೂ ಕರೆದೊಯ್ದರು. ನೀರು ಕಡುಗಾಫಿಯ ಹಾಗೆ, ಅದರಲ್ಲಿ ನನ್ನ ಮುಖ ನನಗಿಂತ ಚೆಂದ ಕಾಣುತ್ತಿತ್ತು. ಒಂದು ಕಡೆ ನಿಂತು, ಈಟಿಯಷ್ಟು ಉದ್ದದ ಕೋಲನ್ನು ನೆಲಕ್ಕೆ ಒತ್ತಿದರು. ಅದು ಬೆಣ್ಣೆಗೆ ಚುಚ್ಚಿದ ಹಾಗೆ ಪೂರ್ತಿ ಇಳಿಯಿತು.

"ಕೆಳಗೆ ಮಣ್ಣೇ ಇಲ್ಲ ಮಗಳೇ. ನಮ್ಮಜ್ಜನ ಅಜ್ಜನ ಕಾಲದಿಂದ ಬಿದ್ದ ಎಲೆ, ಬೇರು. ನೀರಲ್ಲಿರೋದಕ್ಕೆ ಕೊಳೆತಿಲ್ಲ. ಅದರ ಮೇಲೆ ಇಷ್ಟು ದೊಡ್ಡ ಮರ ನಿಂತಿದಾವೆ, ಒಂದರ ಬೇರು ಇನ್ನೊಂದು ಹಿಡಕೊಂಡು. ಒಂದನ್ನ ಎಳೆದರೆ ಪಕ್ಕದ್ದು ಓಲಾಡತ್ತೆ."

"ಮತ್ತೆ ನೀವೇ ಎಳೀತೀರಲ್ಲ ತಮಾ?"

"ಹೂಂ. ಸಾಗೊ ಕೇಳೋರಿಲ್ಲ, ಮರ ಕೇಳೋರಿದಾರೆ. ನನ್ನ ಹಿತ್ತಲನ್ನ ನಾನೇ ಹಗ್ಗ ಕಟ್ಟಿ ಎಳ್ಕೊಂಡು ಹೋಗಿ ಕೊಟ್ಟು ಬರ್ತೀನಿ. ಸಂಜೆ ಬಂದು ಮೀನು ಸಿಗಲಿಲ್ಲ ಅಂತ ಗೊಣಗ್ತೀನಿ."

ಹಾಗೆಂದು ನಕ್ಕರು. ದಿಮ್ಮಿ ಸಾಗಿಸುವ ರೈಲು ಹಳಿಗಾಗಿ ಮರದ ಕಂಪನಿಯವರು ಕಾಲುವೆ ತೋಡಿದ ಮೇಲೆ ನಮ್ಮ ತೋಟದ ನೀರು ಮೊಳಕಾಲಿಂದ ಹಿಮ್ಮಡಿಗೆ ಇಳಿದಿದೆ. ಸಾಗೊ ಮರಗಳು ಎಲೆ ಬಿಡುತ್ತವೆ, ಕಾಂಡ ಕಟ್ಟುವುದಿಲ್ಲ. ಮಾವ ನನ್ನ ಮತ್ತು ಸುಲಾಯ್‌ನ ಹೆಸರಿನಲ್ಲಿ ನೆಟ್ಟ ಹನ್ನೆರಡು ಸಸಿಗಳೂ ಹಾಗೇ ಮುದುಡಿ ನಿಂತಿವೆ.

ಸರಿ, ಹಿತ್ತಲಿಗೆ ಬಂದೆ. ಇನ್ನು ಒಳಗೆ ಬರುತ್ತೇನೆ.

ಕೆಲಸ ಹೇಗೆಂದು ನಿನಗೆ ಗೊತ್ತು, ಆದರೂ ಆ ದಿನ ಯಾರು ಎಲ್ಲಿ ನಿಂತಿದ್ದರು ಎಂದು ತಿಳಿಯಲು ಬರೆಯುತ್ತೇನೆ. ರಾಮಿನ್ ಮರದ ದಿಮ್ಮಿಯನ್ನು ಹೊರುವ ಮರದ ಜಾರುಬಂಡಿಗೆ ಇಲ್ಲಿ ಕುದುರೆ ಅನ್ನುತ್ತಾರೆ. "ಹೆಸರಿಗೆ ಕುದುರೆ, ಎಳೆಯೋರು ನಾವು," ಎನ್ನುವುದು ಮಾವನ ಹಳೆಯ ತಮಾಷೆ. ಎಣ್ಣೆ ಸವರಿದ ಗಳುಗಳನ್ನು ಏಣಿಯ ಹಾಗೆ ನೆಲಕ್ಕೆ ಹಾಸಿ, ಅದರ ಮೇಲೆ ಹತ್ತು ಹನ್ನೆರಡು ಜನ ಎಳೆಯುತ್ತಾರೆ. ನನ್ನ ಸುಲಾಯ್ ಎಳೆಯುವವನಲ್ಲ, ಕೂಗುವವನು. ಚರ್ಚಿನಲ್ಲಿ ಹಾಡಿ ಹಾಡಿ ಬೆಳೆದ ಗಂಟಲು, ಅರ್ಧ ಮೈಲಿ ಕೇಳಿಸುತ್ತದೆ. ಅವನು ಒಂದು ಸಾಲು ಹೇಳಿದರೆ ಇವರು ಎಳೆಯುತ್ತಾರೆ. ಆ ಸಾಲುಗಳನ್ನು ಮಾತ್ರ ನಿನಗೆ ಬರೆಯಲಾರೆ, ಫಾದರ್ ಕಿವಿಗೆ ಬಿದ್ದರೆ ನಮಗೆ ಕೊಟ್ಟ ಆಶೀರ್ವಾದವನ್ನು ವಾಪಸು ತೆಗೆದುಕೊಂಡಾರು.

ಕೊನೆಗೆ ರೈಲು ಹಳಿಯ ಬಳಿ ಒಂದು ಇಳಿಜಾರು. ಅಲ್ಲಿ ಎಳೆಯುವುದಿಲ್ಲ, ತಡೆಯುತ್ತಾರೆ. ಹಿಂದೆ ಒಬ್ಬ ಬೊಡ್ಡೆಗೆ ಹಗ್ಗ ಸುತ್ತಿ ಒಂದೊಂದೇ ಗೇಣು ಸಡಿಲಿಸುತ್ತಾನೆ. ಮುಂದೆ ಇಬ್ಬರು ಮೂವರು ದಿಮ್ಮಿಯ ಮೂತಿಯನ್ನು ದಾರಿಗೆ ತರುತ್ತಾರೆ. ಅವರು ಪಕ್ಕಕ್ಕೆ ಸರಿದ ಮೇಲೆ ಕೂಗುವವನು "ಲಪಸ್! ಲಪಸ್!" ಅನ್ನುತ್ತಾನೆ. ಮಲಯದವರು, ಇಬಾನರು, ಚೀಣರು, ನಾವು, ಎಲ್ಲರೂ ಸೇರಿದ ಕ್ಯಾಂಪಿನಲ್ಲಿ 'ಬಿಡು' ಎನ್ನಲು ಅದೊಂದೇ ಮಾತು. ಹಿಂದಿನವನು ಹಗ್ಗ ಬಿಡುತ್ತಾನೆ. ಅವನಿಗೆ ಮುಂದಿನವರು ಕಾಣುವುದಿಲ್ಲ, ದಿಮ್ಮಿಯೇ ಅಡ್ಡ. ಕಿವಿಯೊಂದೇ ಗತಿ.

ಜುಲೈ ಇಪ್ಪತ್ತೆರಡು, ಶನಿವಾರ. ನಾನು ಅತ್ತೆ ಮಾಡಿಕೊಟ್ಟ ಉಮಾಯ್ ಒಯ್ದಿದ್ದೆ, ನಿಂಬೆರಸ ಹಿಂಡಿದ ಹಸಿಮೀನು, ಒಂದು ಡಬ್ಬಿ ಹುರಿದ ಸಾಗೊ. ಸಾಹೇಬರ ಹೆಂಡತಿಯ ಹಾಗೆ ಹಳದಿ ಛತ್ರಿ ಹಿಡಿದು ಹಳಿಯ ಪಕ್ಕ ನಿಂತಿದ್ದೆ. ಮಾವ ಕೆಳಗೆ ದಿಮ್ಮಿಯ ಮುಂದೆ ಇದ್ದರು. ಸುಲಾಯ್ ಇಳಿಜಾರಿನ ನಡುವೆ. ಅಜಾನ್ ಮೇಲೆ, ಹಗ್ಗದ ಬಳಿ. ನಾನು ಡಬ್ಬಿ ಬಿಚ್ಚಲು ಬಗ್ಗಿದ್ದೆ, ನನ್ನ ಬೆನ್ನು ಅತ್ತ ಇತ್ತು, ಏನೂ ಸರಿಯಾಗಿ ಕೇಳಿಸಲಿಲ್ಲ. ಹಗ್ಗ ಬೊಡ್ಡೆಯಿಂದ ಬಿಚ್ಚಿಕೊಂಡ ಸದ್ದು ಮಾತ್ರ ಕೇಳಿಸಿತು. ತಿರುಗಿದಾಗ ದಿಮ್ಮಿ ಓಡುತ್ತಿತ್ತು. ಉಳಿದಿಬ್ಬರು ಹಾರಿಕೊಂಡರು. ಮಾವ ಒಂದು ಕಾಲು ಎತ್ತಿದ್ದರು, ತೆಕ್ಲಾ. ಹೆಜ್ಜೆ ಇಡುವಷ್ಟು ಸಮಯವಿದ್ದಿದ್ದರೆ ಸಾಕಾಗಿತ್ತು.

ಅವರಿಗೆ ನೋವಾಗಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಹೇಳುತ್ತೇನೆ.

ಅಜಾನ್ ಮೇಲಿನಿಂದ ಓಡಿ ಬಂದ. ಕೈಗೆ ಹಗ್ಗ ಉಜ್ಜಿ ರಕ್ತ ಸೋರುತ್ತಿತ್ತು. "ಯಾಕೋ ಕೂಗಿದೆ? ತಮಾ ಇನ್ನೂ ಮುಂದೇನೇ ಇದ್ರಲ್ಲೋ! ಯಾಕೋ ಕೂಗಿದೆ?" ಎಂದು ಸುಲಾಯ್‌ನ ಅಂಗಿ ಹಿಡಿದು ಅಲ್ಲಾಡಿಸಿದ.

"ನಾನು ಕೂಗಲಿಲ್ಲ," ಅಂದ ಸುಲಾಯ್. "ನಾನು ಲಪಸ್ ಅನ್ನಲಿಲ್ಲ ಕಣೋ."

"ಅಂದೆ! ನನ್ನ ಕಿವೀಲಿ ಕೇಳಿದೀನಿ!"

"ಅಪ್ಪನ ಮೇಲೆ ಆಣೆ. ಅನ್ನಲಿಲ್ಲ."

ಮುಂದಿದ್ದ ಇಬ್ಬರನ್ನು ಕೇಳಿದರು. ಅವರು ತಮ್ಮದೇ ಹುಯ್ಯಲಿನಲ್ಲಿದ್ದರು, ಯಾವ ಕೂಗೂ ಕೇಳಿಲ್ಲವಂತೆ. ಅಲ್ಲಿಗೆ ಮುಗಿಯಿತು. ಕ್ಯಾಂಪಿನವರು ಅಜಾನ್‌ನನ್ನು ಅಂದೇ ಕೆಲಸದಿಂದ ತೆಗೆದರು.

ಊರಿನಲ್ಲಿ ನಡೆದದ್ದನ್ನು ಅವನು ನಿನಗೆ ಪೂರ್ತಿ ಹೇಳಿರಲಿಕ್ಕಿಲ್ಲ. ಮಣ್ಣು ಮಾಡಿದ ಎಂಟನೇ ದಿನ ಹಿರಿಯರು ನಮ್ಮ ಮನೆಯ ಜಗಲಿಯಲ್ಲಿ ಸೇರಿದರು. ಮುದುಕ ಬುಜಾಂಗ್, ರೋಗ ಬಂದಾಗ ದೆವ್ವದ ಗೊಂಬೆ ಕೆತ್ತುತ್ತಾರಲ್ಲ, ಅವರೇ ಮಾತಾಡಿದ್ದು.

"ಕೂಗು ಎಷ್ಟು ಸಲ ಕೇಳಿಸಿತಪ್ಪಾ?"

"ಒಂದು ಸಲ," ಅಂದ ಅಜಾನ್.

"ಲಪಸ್ ಅನ್ನೋದು ಎರಡು ಸಲ ಅಲ್ವೇ?"

"ಎರಡನೇದು ಬರೋದರೊಳಗೆ ಬಿಟ್ಟೆ. ದಿನಾ ಹಾಗೇ ಬಿಡ್ತೀವಿ, ಎಲ್ಲರೂ."

"ಜೌಗಿನಲ್ಲಿ ಒಂದೇ ಸಲ ಕೂಗಿದ ದನಿಗೆ ಓಗೊಡಬಾರದು ಅಂತ ನಿನಗೆ ನಿಮ್ಮಮ್ಮ ಹೇಳಿಲ್ವೇ? ಮನುಷ್ಯ ಆದರೆ ಇನ್ನೊಂದು ಸಲ ಕೂಗ್ತಾನೆ. ಒಂದೇ ಸಲ ಕೂಗೋದು ಅದು."

'ಅದು' ಎಂದರೆ ಏನೆಂದು ಯಾರೂ ಕೇಳಲಿಲ್ಲ. ಮರ ಕಳೆದುಕೊಂಡ ಕಾಡು ಸುಲಾಯ್‌ನ ದನಿ ಕದ್ದು ಕೂಗಿತು ಎಂದು ಆಗಲೇ ಎಲ್ಲರ ಮನಸ್ಸಿಗೂ ಬಂದಿತ್ತು. ಬುಜಾಂಗರು ಕೆಟ್ಟ ಮನುಷ್ಯರಲ್ಲ ತೆಕ್ಲಾ, ಒಂದು ದಾರಿ ಮಾಡಿಕೊಡಲು ನೋಡಿದರು. "ಒಂದೇ ಕೂಗಿಗೆ ಓಗೊಟ್ಟೆ, ತಪ್ಪಾಯ್ತು ಅನ್ನು. ಅದರ ಗೊಂಬೆ ಕೆತ್ತಿ ಕಾಡಿಗೆ ಬಿಟ್ಟು ಬರ್ತೀನಿ. ಆಮೇಲೆ ನೀನು ಈ ಮನೆ ಅನ್ನ ಉಣ್ಣು, ಯಾರೂ ಮಾತೆತ್ತಲ್ಲ."

ನಿನ್ನ ತಮ್ಮ ತಲೆಯಲ್ಲಾಡಿಸಿದ. "ದೆವ್ವ ಅಲ್ಲ ಅಜ್ಜಾ. ಸುಲಾಯ್ ದನಿ. ಹುಟ್ಟಿದಾಗಿಂದ ಕೇಳಿದೀನಿ. ನಗ್ತಾ ನಗ್ತಾ ಕೂಗಿದ."

"ನಗ್ತಾ?" ನನ್ನ ಅತ್ತೆ ಒಳಗಿನಿಂದ ಎದ್ದು ಬಂದರು. "ಅವರಪ್ಪ ದಿಮ್ಮಿ ಮುಂದೆ ನಿಂತಿದ್ದಾಗ ನನ್ನ ಮಗ ನಗ್ತಾ ಲಪಸ್ ಅಂದ್ನಾ? ಹೋಗಪ್ಪಾ. ನಮ್ಮ ಮೆಟ್ಟಿಲಿಳಿದು ಹೋಗು."

ಅವನು ಹೋದ. ಮರುದಿನದ ದೋಣಿಗೆ ನಿನ್ನಲ್ಲಿಗೆ ಬಂದ. ಅವನಿಗೆ ಹೆಣ್ಣು ಗೊತ್ತುಮಾಡಿದ್ದ ಮನೆಯವರು ಉಂಗುರ ವಾಪಸು ಕಳಿಸಿದ್ದಾರೆ, ನಿನ್ನ ಅಮ್ಮ ಇದನ್ನು ಅವನಿಗೆ ಬರೆಯಬೇಡವೆಂದಿದ್ದಾರೆ, ನಾನು ಬರೆಯುತ್ತಿದ್ದೇನೆ. ನಿನ್ನ ಅಮ್ಮ ಈಗ ಅಟ್ಟಣೆಯ ಆ ತುದಿಯಲ್ಲಿ ಒಬ್ಬರೇ ತುಳಿಯುತ್ತಾರೆ. ಒಂದು ದಿನ ನಾನು ಅವರ ಪಕ್ಕ ಹೋಗಿ ನಿಂತೆ. "ಹೋಗು ಮಗಳೇ, ನಿಮ್ಮತ್ತೆ ನೋಡ್ತಾರೆ. ನಿನಗ್ಯಾಕೆ?" ಅಂದರು. ಸಿಟ್ಟಿನಿಂದಲ್ಲ, ನನ್ನ ಮೇಲಿನ ಮರುಕದಿಂದ.

ಸುಲಾಯ್ ಕೂಗುವ ಕೆಲಸ ಬಿಟ್ಟಿದ್ದಾನೆ, ಈಗ ಉಳಿದವರ ಜೊತೆ ಹಗ್ಗ ಎಳೆಯುತ್ತಾನೆ. ಚರ್ಚಿನಲ್ಲೂ ಬಾಯಿ ಬಿಡುವುದಿಲ್ಲ. ಅಜಾನ್‌ನ ಮೇಲೆ ಅವನಿಗೆ ಸಿಟ್ಟಿಲ್ಲ. ಒಂದು ದಿನ ದೋಣಿಯ ನೀರು ತೋಡುತ್ತಾ ಅಂದ: "ಅವನು ಸುಳ್ಳು ಹೇಳೋನಲ್ಲ ಬಿಬಿ. ನಾನೂ ಹೇಳ್ತಿಲ್ಲ. ಹಾಗಾದ್ರೆ ಕೂಗಿದ್ದು ಯಾರು?" ಆಮೇಲೆ ತಾನೇ ಮೆಲ್ಲಗೆ, "ಅಜ್ಜ ಹೇಳಿದ್ದೇ ಇರಬೇಕು. ಕಾಡು," ಅಂದ. ಶಾಲೆ ಕಲಿತವಳೆಂದು, ನಾನೇನಾದರೂ ಬೇರೆ ಹೇಳುತ್ತೇನೋ ಎಂದು ನನ್ನ ಮುಖ ನೋಡಿದ.

ಮುಂದಿನ ಭಾನುವಾರ ಮಾವ ಹೋಗಿ ಐವತ್ತು ದಿನ. ಊರೆಲ್ಲ ನಮ್ಮ ಮನೆಗೆ ಊಟಕ್ಕೆ ಬರುತ್ತದೆ. ಅಜಾನ್ ಬರದಿದ್ದರೂ ಅವನ ಪರವಾಗಿ ಅಂದೇ ಗೊಂಬೆ ಬಿಡುತ್ತೇನೆ, ಅಲ್ಲಿಗೆ ಇದು ಮುಗಿಯಲಿ ಎನ್ನುತ್ತಾರೆ ಬುಜಾಂಗರು. ಕೆತ್ತುತ್ತಾ ಕೂತಿದ್ದರು, ನಿನ್ನೆ ನೋಡಿದೆ. ಸಾಗೊ ತಿರುಳಿನದು, ಒಂದು ಮೊಳ ಉದ್ದ. ಬಾಯಿ ಮಾತ್ರ ಅಗಲವಾಗಿ ತೆರೆದಿದೆ.

ಹಾಳೆ ಮುಗಿಯುತ್ತಾ ಬಂತು. ಹೊತ್ತಿಗೆ ಸರಿಯಾಗಿ ಊಟ ಮಾಡು, ರಾತ್ರಿ ಪಾಳಿಯಲ್ಲಿ ಬರಿಗಾಲಲ್ಲಿ ಓಡಾಡಬೇಡ. ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ಎದ್ದು ಮನೆಗೆ ಹೋಗಲಿ. ನಿನಗೆ ಮಕ್ಕಳಾದಾಗ ಮೊದಲು ಎತ್ತಿಕೊಳ್ಳುವ ಕೈ ನನ್ನದಾಗಲಿ ಎಂದು ಕೇಳುವಷ್ಟು ಧೈರ್ಯ ಇವತ್ತು ಇಲ್ಲ. ದೇವರು ನಿನ್ನನ್ನೂ ಅಜಾನ್‌ನನ್ನೂ ಕಣ್ಣಮುಂದೆ ಇಟ್ಟುಕೊಳ್ಳಲಿ.

ಎಂದೆಂದೂ ನಿನ್ನವಳೇ,
ಬಿಬಿಯಾನಾ

ಮರೆತದ್ದು: ಮರೆತದ್ದಲ್ಲ. ಬೆನ್ನು ಅತ್ತ ಇತ್ತು ಎಂದು ಬರೆದೆನಲ್ಲ, ಅದು ಸುಳ್ಳು. ನಾನು ಸುಲಾಯ್‌ನನ್ನೇ ನೋಡುತ್ತಿದ್ದೆ.

ಮದುವೆಯಾದ ಹೊಸದರಲ್ಲಿ ಅವನು ನನಗೆ ಇಂಗ್ಲಿಷ್ ಕಲಿಸೆಂದು ಗಂಟುಬಿದ್ದ. ನಾವು ಶಾಲೆಯಲ್ಲಿ ಸಂಜೆ ಹೇಳುತ್ತಿದ್ದ ಪ್ರಾರ್ಥನೆಯಿಂದ ಎರಡು ಮಾತು ಕಲಿಸಿದೆ, 'ಲವ್ ಅಸ್', ನಮ್ಮನ್ನು ಪ್ರೀತಿಸು. ಕೆಳತುಟಿಯನ್ನು ಹಲ್ಲಿಗೆ ತಾಗಿಸಿ ಹೇಳುವ ಆ ವಕಾರ ಅವನಿಗೆ ಬರಲೇ ಇಲ್ಲ. ನಮಗಾದರೂ ಎಲ್ಲಿ ಬರುತ್ತಿತ್ತು, ಸಿಸ್ಟರ್ ಕನ್ನಡಿ ಹಿಡಿಸಿ, ಬೆರಳ ಗಂಟಿಗೆ ಹೊಡೆದು ಕಲಿಸಿದ್ದು. ಅವನ ಬಾಯಲ್ಲಿ ಅದು ಪಕಾರವಾಗುತ್ತದೆ. ಜೋರಾಗಿ ಹೇಳಿ ನೋಡು ತೆಕ್ಲಾ, ವಕಾರದ ಜಾಗದಲ್ಲಿ ಪಕಾರ ಇಟ್ಟು. ನಾನು ಪ್ರತಿ ಸಲ ಹೊಟ್ಟೆ ಹಿಡಿದು ನಗುತ್ತಿದ್ದೆ. ಯಾಕೆ ನಗುತ್ತೀ ಎಂದರೆ ಹೇಳುತ್ತಿರಲಿಲ್ಲ, ಹೇಳಿದರೆ ತಿದ್ದಿಕೊಂಡಾನೆಂದು. ಅವನ ಕಿವಿಗೆ ಅವೆರಡೂ ಬೇರೆ ಬೇರೆ ಮಾತು. ಒಂದು ಕೆಲಸದ್ದು, ಒಂದು ನನ್ನದು.

ಆ ದಿನ ನಾನು ಛತ್ರಿ ಕುಣಿಸುತ್ತಾ, "ಏಯ್, ಇಂಗ್ಲಿಷಿನಲ್ಲಿ ಹೇಳು ನೋಡೋಣ!" ಎಂದು ಕೂಗಿದೆ. ಅವನು ನಾಚಿಕೊಂಡು ಬೇಡವೆಂದು ಕೈಯಾಡಿಸಿದ. "ಹೇಳಿದ್ರೇನೇ ಊಟ!" ಎಂದು ಡಬ್ಬಿ ಬಚ್ಚಿಟ್ಟೆ. ಅವನು ನಗುತ್ತಾ, ಆ ಅರ್ಧ ಮೈಲಿಯ ಗಂಟಲಲ್ಲಿ, ಒಂದೇ ಒಂದು ಸಲ ಹೇಳಿದ.

ಅಜಾನ್ ಕೇಳಿದ್ದು ನಿಜ. ಸುಲಾಯ್ ಅನ್ನಲಿಲ್ಲ ಎಂದದ್ದೂ ನಿಜ. ಇಬ್ಬರ ಮಾತೂ ಹೇಗೆ ನಿಜವೆಂದು ಬಲ್ಲವಳು ನಾನೊಬ್ಬಳೇ. ಆರು ವಾರ ಬಾಯಿ ಮುಚ್ಚಿಕೊಂಡು ಸಾಗೊ ತುಳಿದಿದ್ದೇನೆ.

ಈ ಹಾಳೆಯನ್ನು ಅಜಾನ್‌ಗೆ ಓದಿ ಹೇಳು, ಹಿಂದಿನ ಹಾಳೆಗಳನ್ನು ಆಮೇಲೆ ಬೇಕಾದರೆ ಓದು. ಸಾಧ್ಯವಾದರೆ ಭಾನುವಾರದೊಳಗೆ ಅವನನ್ನು ಕರೆದುಕೊಂಡು ಬಾ. ಬರದಿದ್ದರೂ ಜಗಲಿಯಲ್ಲಿ ಎದ್ದು ನಿಂತು ಹೇಳುತ್ತೇನೆ, ನಿನ್ನ ಅಮ್ಮನ ಎದುರು, ಅತ್ತೆಯ ಎದುರು. ಅದಕ್ಕೂ ಮೊದಲು ಸುಲಾಯ್‌ಗೆ ಹೇಳಬೇಕು. ನಡುವೆ ಆರು ದಿನ ಇದೆ. ಅವನು ಹೊರಗೆ ಮಾವನ ದೋಣಿಗೆ ಅಂಟು ಬಳಿಯುತ್ತಿದ್ದಾನೆ, ಕಿಟಕಿಯಿಂದ ಕಾಣುತ್ತಾನೆ. ಮೂರು ಸಲ ಬಾಗಿಲವರೆಗೆ ಹೋಗಿ ಬಂದೆ. ಮೊದಲ ವಾಕ್ಯ ನನಗೆ ಯಾವ ಭಾಷೆಯಲ್ಲೂ ಬರುತ್ತಿಲ್ಲ.